ಒಳಗ ಬಿಟ್ಟ ಬಟ್ಟಿ

ಮೊದಲೇ ಹೇಳ್ತೀನಿ, ನಂಗ ಸಿನಿಮಾದ್ದೇನೂ ತಿಳಿಯಂಗಿಲ್ಲ.
ಕಲಬುರಗಿ ಬ್ರಹ್ಮಪುರದಾಗ ಜಂಪರ್ ಹೊಲಿಯಾಕಿ ನಾ.
ಮಷೀನ್ ಮುಚ್ಚಿ, ಸೂಜಿ ಎಣಿಸಿಟ್ಟು,
ಶಹಾಬಾದಿ ಫರಸಿಗಿ ನೀರ್ ಹೊಡದು
ಬೆನ್ನ ಅದಕ್ಕ ಹಚ್ಚಿದಮ್ಯಾಲೇ ನನ್ನ ಸಿನಿಮಾ ಶುರು.
ಮೊಬೈಲ್ ರಿಪೇರಿ ಮಾಪಣ್ಣ
ಪೆನ್‌ಡ್ರೈವಿನಾಗ ತುಂಬಿಕೊಡ್ತಾನ:
"ಇವು ಯಾರೂ ಒಯ್ಯಂಗಿಲ್ಲ ಅಕ್ಕಾ, ನೀ ಒಯ್ಯಿ."
ಹೆಸರು ಅವ ಹೇಳಂಗಿಲ್ಲ, ನಾ ಕೇಳಂಗಿಲ್ಲ.
ಯಾವ ದೇಶ ಅಂತ ಕೋಟು ನೋಡಿ ಅಂದಾಜ ಮಾಡ್ತೀನಿ.

ಬಾಜೂಕ ಖುರ್ಷಿದಾ.
ಪಿಕೋ-ಫಾಲ್ ಅಕಿದು, ಕಟಿಂಗ್ ನಂದು.
ಕೆಳಗ ಇಂಗ್ಲಿಷ್ ಅಕ್ಷರ ಇಲಿ ಓಡಿದಂಗ ಓಡ್ತಾವ.
ನಾ ಎಂಟನೇತ್ತ ತನಕ ಓದಿದಾಕಿ,
ಎರಡನೇ ಶಬ್ದಕ್ಕ ಬರೂದ್ರಾಗ
ಅವ ಬಾಗಿಲಾ ತಗದು ಹೋಗೇ ಬಿಟ್ಟಿರ್ತಾನ.
"ಏನಂದ?" ಅಂತಾಳ ಖುರ್ಷಿದಾ.
"ಒಲ್ಲೆ ಅಂದ" ಅಂತೀನಿ.
ಬಹಳ ಮಾಡಿ ಸರೀನೇ ಇರ್ತದ.

ಒಂದ್ರಾಗ ಒಬ್ಬ ಮುದುಕ ಸಮುದ್ರ ನೋಡ್ಕೋತ ಕುಂತ.
ಕುಂತ ಅಂದ್ರ ಕುಂತ.
ನಾ ಎದ್ದು ಹಾಲಿಗಿ ಹೆಪ್ಪು ಹಾಕಿ ಬಂದೆ, ಕುಂತಿದ್ದ.
ಖುರ್ಷಿದಾ ನಮಾಜ್ ಮುಗಿಸಿ ಬಂದ್ಳು, ಕುಂತಿದ್ದ.
"ಇವನ ಮನ್ಯಾಗ ಕೇಳೋರ್ ಯಾರೂ ಇಲ್ಲೇನು?"
ಅದೇ ಕಥಿ ಇರಬೇಕು, ಅಂದೆ.
ಈಗ ನೆನಸಿದ್ರ ಅದೇನ್ ಕೆಟ್ಟದ್ದಲ್ಲ.
ಒಂದ್ ತಾಸು ಕತ್ತರಿ ಹಾಕಿದ್ರ ಮೈಗಿ ಕುಂದ್ರತಿತ್ತು.

ಇನ್ನೊಂದ್ರಾಗ ದರ್ಜಿ ಇದ್ದಾನಂತ ಆಸೆಪಟ್ಟು ಹಚ್ಚಿದೆ.
ಬೆರಳಿಗಿ ಅಂಗುಸ್ತಾನ ಇಲ್ಲ.
ದಾರ ಮಾರುದ್ದ ತಗೊಂಡ, ಗಂಟು ಬೀಳಬೇಕಲ್ಲ, ಬೀಳಲಿಲ್ಲ.
ಅಲ್ಲೇ ನಂಬಿಕಿ ಹೋತು.
ಆಮ್ಯಾಲ ಹೇಣ್ತಿ ಸತ್ತಾಗ ಅವ ಎಷ್ಟ್ ಅತ್ರೂ
ನಂಗ ಅವನ ಕೈನೇ ಕಾಣತಿತ್ತು.

ಮುದ್ದಾಡೂದು ಬಂತಂದ್ರ ಖುರ್ಷಿದಾ
ನಾಳಿಗಿ ಎಷ್ಟ್ ಸೀರಿ ಅಂತ ಜೋರಾಗಿ ಎಣಿಸ್ತಾಳ.
ಒಮ್ಮಿ ಹದಿನೇಳಕ್ಕೂ ಮುಗಿದಿದ್ದಿಲ್ಲ.

ಆದ್ರ ಆ ಹಿಮದ್ದು…
ಮೇ ತಿಂಗಳು, ನಲವತ್ನಾಕು ಡಿಗ್ರಿ,
ಕೂಲರಿನಾಗ ನೀರ್ ಮುಗದು ಬರೇ ಝಳ ಊದ್ತಿತ್ತು.
ಪರದ್ಯಾಗ ಮೊಣಕಾಲ್ ತನಕ ಹಿಮ.
ಒಂದ್ ಹುಡುಗಿ, ಕೆಂಪ ಕೋಟು,
ಸಾಲಿಗಿ ಹೋಗ್ತಾಳ, ಬರ್ತಾಳ.
ಅವ್ವ ಮಾತಾಡಂಗಿಲ್ಲ, ಗಂಗಾಳ ಕುಕ್ಕಿ ಇಡ್ತಾಳ.
ಕೆಳಗ ಅಕ್ಷರನೂ ಇಲ್ಲ, ಓದೂ ತ್ರಾಸಿಲ್ಲ.
ಖುರ್ಷಿದಾ ಆಕಳಿಸಿದ್ಳು: "ಏನೂ ಆಗವಲ್ದು."
ನಾ ಎದ್ದು ಕುಂತೆ.
"ತೋಳು ನೋಡು."

ಮಾಸಿದ ತೋಳಿನ ತುದಿಗಿ ಹೊಸಾ ಕೆಂಪಿನ ಪಟ್ಟಿ,
ನಡಬರಕ ಹಳೇ ಮಡಿಕಿ ಗೆರಿ.
ಯಾರೋ ಹೊಲಿಗಿ ಬಿಚ್ಚಿ ಒಳಗಿನ ಬಟ್ಟಿ ಹೊರಗ ಬಿಟ್ಟಾರ.
ಅಂದ್ರ ಒಂದ್ ವರ್ಷ ಹೋತು.
ಅಂದ್ರ ಹೊಸಾ ಕೋಟಿಗಿ ರೊಕ್ಕ ಇಲ್ಲ.
ಅಂದ್ರ ಮಗಳು ಮಲಗಿದಮ್ಯಾಲ
ಅವ್ವ ದೀಪದ ಬಾಜೂಕ ಕುಂತು ಬಿಚ್ಚಿ ಹೊಲದಾಳ.
ಅದನ್ನ ಅವರು ತೋರಿಸೇ ಇಲ್ಲ.
ಸಿಟ್ಟಿನ ಅವ್ವ ಅಂತ ತಿಳ್ಕೊಂಡಿದ್ದೆ ನಾ, ಅಲ್ಲೀ ತನಕ.

ಜೂನ್ ಬಂತಂದ್ರ ನನ್ನ ಮಷೀನ್ ಮ್ಯಾಲ ಬರೇ ಸಾಲಿ ಲಂಗ.
"ಮೂರ್ ಇಂಚ್ ಒಳಗ ಬಿಡ್ರಿ" ಅಂತಾರ ಎಲ್ಲಾ ಅವ್ವಂದಿರು.
ಬಿಡ್ತೀನಿ.
ಬಟ್ಟಿ ದಂಡ ಅಂತ ಬೈಕೋತ ಬಿಡ್ತಿದ್ದೆ.

ಹನ್ನೆರಡ್ ನಿಮಿಷ ಉಳಿದಿತ್ತು, ಕರೆಂಟ್ ಹೋತು.
ಕತ್ತಲದಾಗ ಖುರ್ಷಿದಾ ತಾನೇ ಕಥಿ ಮುಗಿಸಿದ್ಳು:
ಹುಡುಗಿ ದೊಡ್ಡಾಕಿ ಆಗಿ ಅಂಗಡಿ ಇಡ್ತಾಳ,
ಅವ್ವಗ ಒಂದ್ ಶಾಲು ತರ್ತಾಳ,
ಇಬ್ಬರೂ ಕುಂತು ಚಾ ಕುಡೀತಾರ.
"ಚಾನ?"
"ಮತ್ತೇನ್, ಥಂಡಿ ಅದಲ್ಲ."

ಮರುದಿನ ನಾ ಒಬ್ಬಾಕೇ ಖರೇ ಕೊನಿ ನೋಡಿದೆ.
ಹಿಮ. ಖಾಲಿ ದಾರಿ.
ಗೂಟಕ್ಕ ನೇತಾಡೊ ಕೋಟು. ಅಷ್ಟೇ.
ಹುಡುಗಿ ಎಲ್ಲಿ ಹೋದ್ಳಂತ
ತಗದವರಿಗೂ ಗೊತ್ತಿಲ್ಲ ಅನಸ್ತದ.
ಖುರ್ಷಿದಾಗ ಹೇಳಿಲ್ಲ.
ಚಾ ಕುಡುದ್ರು, ಅಂದೀನಿ.

ಮಾಪಣ್ಣ ಕೇಳಿದ, "ಹೆಂಗಿತ್ತಕ್ಕಾ?"
ಹೊಲಿಗಿ ಛಲೋ ಅದ, ಅಂದೆ.
ಗುಂಡಿ ಸ್ವಲ್ಪ ಸಡಿಲ.