ಕೂದಲೆಳೆಯಷ್ಟು ಜಾಗ

ಥೆಡಾ ಕುಬಿಯಾಕ್ ಮೊದಲ ದಿನ ಕಚೇರಿಗೆ ಬಂದಾಗ
ಕೈಚೀಲದಲ್ಲಿ ಮೈಕ್ರೋಮೀಟರ್ ಇತ್ತು.
ವಾಷಿಂಗ್ಟನ್ನಿನ ಕಾವಲುಗಾರ ತಿರುಗಿಸಿ ಮುರುಗಿಸಿ ನೋಡಿ
ಇದರಿಂದ ಏನು ಮಾಡುತ್ತೀರಿ ಎಂದ.
ಅಳೆಯುತ್ತೇನೆ, ಅಂದಳು.
ಇಲ್ಲಿ ಅಳೆಯುವಂಥದ್ದು ಏನೂ ಇಲ್ಲವಲ್ಲ, ಅಂದ.
ಒಳಗೆ ಬಿಟ್ಟ.

ಹದಿನಾಲ್ಕು ವರ್ಷ ಈರಿ ಸರೋವರದ ದಂಡೆಯಲ್ಲಿ
ರೈಲು ಎಂಜಿನ್ನಿಗೆ ಕವಾಟ ಮಾಡಿದವಳು,
ಕವಾಟಕ್ಕೂ ಅದರ ನೆರೆಗೂ ನಡುವೆ
ಎಷ್ಟು ಸಂದು ಬಿಡಬೇಕೆಂದು ಬಲ್ಲವಳು.
ಕಾದಾಗ ಲೋಹ ಹಿಗ್ಗುತ್ತದೆ,
ಜಾಗವಿಲ್ಲದಿದ್ದರೆ ಕಚ್ಚಿಕೊಳ್ಳುತ್ತದೆ.
ಆ ಸಂದಿಗೆ ತಾಳಿಕೆ ಎಂದು ಹೆಸರು.

ನಮ್ಮ ಕೆಲಸ ವಿಚಿತ್ರ: ಸರ್ಕಾರದ ಸಂಬಳ ತಿಂದು
ಸರ್ಕಾರಕ್ಕೇ ಅಡ್ಡ ಮಾತಾಡುವುದು.
ಹೊಸ ನಿಯಮದ ಕರಡು ಬಂದರೆ
ನಾಲ್ಕು ಜನರ ಅಂಗಡಿ, ಒಂಬತ್ತು ಜನರ ಕಾರ್ಖಾನೆ,
ಇವರ ಗತಿಯೇನು ಎಂದು ಕೇಳುವುದು.
ಕೇಳಲೆಂದೇ ನಮ್ಮನ್ನು ನೇಮಿಸಿದ್ದಾರೆ,
ಕೇಳಿಸಿಕೊಳ್ಳಲು ಯಾರನ್ನೂ ನೇಮಿಸಿಲ್ಲ.

ವಕೀಲರಾದ ನಾವು ಕರಡನ್ನು ಮೊದಲ ಪುಟದಿಂದ ಓದುತ್ತಿದ್ದೆವು.
ಥೆಡಾ ಹಿಂದಿನಿಂದ, ಅನುಬಂಧದಿಂದ,
ಕೋಷ್ಟಕದ ಬುಡದಲ್ಲಿ ಇರುವೆಸಾಲಿನಂತೆ ಹರಿಯುವ ಅಕ್ಷರಗಳಿಂದ.
"ಸುಳ್ಳು ಯಾವಾಗಲೂ ಎರಡನೆಯ ದಶಮಾಂಶದಲ್ಲಿ ಕೂತಿರುತ್ತೆ,"
ಅನ್ನುತ್ತಿದ್ದಳು, ಸೇಬು ಕಚ್ಚುತ್ತ.

ಆಮೇಲೆ ಬಂತು ಆ ಫೋನು.
ರೆನಾಟೊ ಫಲ್ಕೋನೆ, ಈರಿಯವನೇ,
ಬಂಪರುಗಳಿಗೆ, ತುತ್ತೂರಿಗಳಿಗೆ ಕ್ರೋಮು ಲೇಪಿಸುವವ.
ಏಳು ಜನ, ಮೂರು ತೊಟ್ಟಿ,
ಹಬೆ ಎಳೆಯುವ ಒಂದು ಮುದಿ ಫ್ಯಾನು.
ನಿಯಮದ ಪ್ರಕಾರ ಅವನು ಕೂರಿಸಬೇಕಾದ ಯಂತ್ರದ ಬೆಲೆ
ಅವನ ಕಟ್ಟಡದ ಬೆಲೆಗಿಂತ ಹೆಚ್ಚು.

ನಾನಾಗಿದ್ದರೆ ಪತ್ರ ಬರೆಯುತ್ತಿದ್ದೆ.
ಅವಳು ರಾತ್ರಿ ಬಸ್ಸು ಹತ್ತಿದಳು.
ತೊಟ್ಟಿಯ ಅಂಚಿಗೆ ಮೂರು ದಿನ ನಿಂತು
ಗಾಳಿಯನ್ನು ಸೀಸೆಗಳಿಗೆ ತುಂಬಿಕೊಂಡು
ಕೆಮ್ಮುತ್ತ ವಾಪಸು ಬಂದಳು.
"ಅವನು ಪೂರ್ತಿ ಸರಿಯಲ್ಲ," ಅಂದಳು ಮೊದಲು.
"ವಿಷ ವಿಷವೇ. ಮೂರನೇ ತೊಟ್ಟಿಯ ಹುಡುಗ
ಮೂಗಿನೊಳಗಿನ ಹುಣ್ಣು ತೋರಿಸಿದ.
ನಿಯಮ ಬೇಕು.
ಆದರೆ ಇವರು ಅಳತೆ ತೆಗೆದದ್ದು ನಲವತ್ತು ತೊಟ್ಟಿಯವನ ಮೈಗೆ,
ಅಂಗಿ ಹೊಲಿದದ್ದು ಎಲ್ಲರಿಗೂ."

ಮೂರು ವರ್ಷ. ಹನ್ನೊಂದು ಸಭೆ.
ಒಂದರಲ್ಲಿ ಅಧಿಕಾರಿಯೊಬ್ಬ ಕೇಳಿದ:
ನೀವು ಯಾರ ಪರ, ಮೇಡಂ,
ಮಾಲೀಕನ ಜೇಬಿನದೋ, ಹುಡುಗನ ಮೂಗಿನದೋ?
ಥೆಡಾ ಗಾಜಿನ ಬೋಗುಣಿಯಲ್ಲಿ ನೀರಿಟ್ಟು
ಪಿಂಗ್‌ಪಾಂಗ್ ಚೆಂಡು ಒಂದೊಂದೇ ಬಿಟ್ಟಳು,
ನೀರಿನ ಮುಖ ಮುಚ್ಚಿಹೋಗುವವರೆಗೆ.
"ಹಬೆ ಹೀಗೆ ತಗ್ಗುತ್ತೆ. ಚೆಂಡಿಗೆಷ್ಟು, ಕೇಳಿ."
ಯಾರೂ ಕೇಳಲಿಲ್ಲ.
ಒಂದು ಚೆಂಡು ಉರುಳಿ ಮೇಜಿನ ಕೆಳಗೆ ಹೋಯಿತು,
ಅದನ್ನು ಹುಡುಕಲು ಬಗ್ಗಿದವನು ನಾನು.

ಕೊನೆಗೆ ಒಪ್ಪಿದರು.
ಇನ್ನೂರ ಎಂಬತ್ತನೆಯ ಪುಟದಲ್ಲಿ ಒಂದು ಉಪವಾಕ್ಯ,
ಹತ್ತಕ್ಕಿಂತ ಕಡಿಮೆ ಕೆಲಸಗಾರರಿದ್ದಲ್ಲಿ ಎಂದು ಶುರುವಾಗಿ
ಅರ್ಧವಿರಾಮಕ್ಕೆ ನಿಲ್ಲುತ್ತದೆ.
ಹತ್ತೊಂಬತ್ತು ಪದ, ಎಣಿಸಿದ್ದೇನೆ.
ಇಪ್ಪತ್ತೆರಡು ವರ್ಷದ ಚಾಕರಿಯಲ್ಲಿ
ಬೆರಳಿಟ್ಟು ತೋರಿಸಬಹುದಾದದ್ದು ಅಷ್ಟೇ.

ಫಲ್ಕೋನೆಗೆ ಫೋನು ಮಾಡಿದಳು. ಮಗಳು ಎತ್ತಿದಳು.
ಅಪ್ಪ ಏಪ್ರಿಲ್ಲಿನಲ್ಲೇ ತೊಟ್ಟಿಗಳನ್ನು ಮಾರಿದರು,
ಈಗ ಸರೋವರದಲ್ಲಿ ಮೀನು ಹಿಡಿಯುತ್ತಾರೆ, ಆರಾಮಾಗಿದ್ದಾರೆ,
ನೀವು ಕೇಳಿದಿರೆಂದು ಹೇಳುತ್ತೇನೆ.

ತಾಳಿದವನು ಬಾಳಿಯಾನು ಅನ್ನುತ್ತದೆ ಗಾದೆ.
ಎಷ್ಟು ತಾಳಬೇಕೆಂದು ಅದರಲ್ಲಿ ಅಳತೆಯಿಲ್ಲ.

ಬೀಳ್ಕೊಡುಗೆಯ ಕೇಕಿನ ಮೇಲೆ ಅವಳ ಹೆಸರು ತಪ್ಪಾಗಿತ್ತು.
ತಪ್ಪಿದ ಅಕ್ಷರವನ್ನೇ ಕತ್ತರಿಸಿಕೊಂಡು ತಿಂದಳು.

ಮೊನ್ನೆ ಟೊಲಿಡೊದಿಂದ ಒಂದು ಕಾಗದ.
ನಾವು ಆರು ಜನ, ಇನ್ನೂರ ಎಂಬತ್ತನೆಯ ಪುಟ ಓದಿದೆವು,
ಚೆಂಡಿನ ಅಳತೆ ಎಷ್ಟಿರಬೇಕೆಂದು ಅಲ್ಲಿ ಬರೆದಿಲ್ಲ, ದಯವಿಟ್ಟು ತಿಳಿಸಿ.
ನನಗೆ ಗೊತ್ತಿರಲಿಲ್ಲ. ಅವಳಿಗೆ ಫೋನು ಮಾಡಿದೆ.
ಇರು, ಅಂದಳು,
ಫೋನು ಪಕ್ಕಕ್ಕಿಟ್ಟ ಸದ್ದು,
ಆಮೇಲೆ ಡ್ರಾಯರು ಎಳೆದ ಸದ್ದು.