ಕತ್ತೆಕಿರುಬದ ಎರಡು ದಾರಿ

ಮಚಾಕೋಸ್ ಬಸ್‌ಸ್ಟ್ಯಾಂಡಿನಲ್ಲಿ ಮೆಕ್ಕೆಜೋಳ ಸುಟ್ಟು ಮಾರಿ ಬಂದ
ಸ್ಯೋಕಾವು, ಮಸಿಗೈಯಲ್ಲೇ ಮಗಳ ತಲೆ ನೇವರಿಸುತ್ತ
ಅಜ್ಜಿಯ ಕಥೆ ಹೇಳುತ್ತಾಳೆ:

ಎಡದಾರಿಯಲ್ಲಿ ಬಾಡಿನ ವಾಸನೆ, ಬಲದಾರಿಯಲ್ಲೂ.
ಎರಡೂ ಬೇಕೆಂದು ಕತ್ತೆಕಿರುಬ
ಒಂದೊಂದು ದಾರಿಗೆ ಎರಡೆರಡು ಕಾಲಿಟ್ಟು
ನಡೆಯಿತು, ನಡೆಯಿತು,
ನಡು ಸೀಳಿಹೋಯಿತು.

ದಿಂಬಿನಡಿ ಫೋನು ಗುರ್ರೆಂದಿತು:
ಎರಡು ಸಾವಿರ ಶಿಲ್ಲಿಂಗ್ ಸಾಲ, ಒಂದೇ ನಿಮಿಷದಲ್ಲಿ.
ಹಳೆಯದೂ ಗುರ್ರೆಂದಿತು: ಇಂದೇ ಕೊನೆಯ ದಿನ.
ಅದನ್ನು ತೀರಿಸಲು ಇದು. ಇದನ್ನು?

"ಆಸೆಬುರುಕರಿಗೆ ಹೀಗೇ ಆಗೋದು" ಎನ್ನುವಷ್ಟರಲ್ಲಿ
ಮುತೇವು ಕೇಳಿದಳು, ನಿದ್ದೆಗಣ್ಣಲ್ಲಿ:
"ಅದಕ್ಕೆ ಹಸಿವಾಗಿತ್ತಾ ಅಮ್ಮಾ?
ಮನೇಲಿ ಮರಿಗಳಿದ್ದವಾ?"

ಅಜ್ಜಿ ಅದನ್ನು ಹೇಳಿರಲಿಲ್ಲ.

ಫೋನನ್ನು ಬೋರಲು ಮಲಗಿಸಿ
ಕತ್ತಲಲ್ಲೇ ಎಣಿಸತೊಡಗಿದಳು ಸ್ಯೋಕಾವು:
ನಾಳೆಯ ತೆನೆ, ಇದ್ದಿಲು,
ಒಂದೇ ದಾರಿಗೆ ಸಾಕಾಗುವಷ್ಟು ಕಾಲು.