ಇಳಿಜಾರಿನ ಮೈ

ಹೊಸನಗರದ ಡಿಪೋ ಹಿಂದಿನ ಶೆಡ್ಡಿನಲ್ಲಿ
ನನ್ನ ಜೀಪು ಹಿಂಗಾಲೆರಡು ಕಳಚಿಕೊಂಡು
ಮರದ ದಿಮ್ಮಿಗಳ ಮೇಲೆ ಕೂತಿದೆ.
ಹೋದ ದೀಪಾವಳಿಗೆ ನಾಲ್ಕಿಂಚು ಎತ್ತರಿಸಿದ್ದೆ,
ಕೊಡಚಾದ್ರಿಗೆ ಹತ್ತಿಸುವ ಜೀಪುಗಳ ಸಾಲಿನಲ್ಲಿ
ನನ್ನದರ ತಲೆಯೇ ಮೊದಲು ಕಾಣಲಿ ಅಂತ.

ಹುಚ್ಚಪ್ಪನಿಗೆ ಕಿವಿ ಮಂದ.
ಸಾಮಿಲ್ಲಿನಲ್ಲಿ ಹನ್ನೊಂದು ವರ್ಷ, ಗರಗಸ ತಿಂದದ್ದು.
"ಸದ್ದು ಹೆಂಗೆ?" ಎಂದು ನನ್ನ ತುಟಿ ನೋಡುತ್ತಾನೆ.
ಬಾಯಿಂದ ಮಾಡಿ ತೋರಿಸಿದೆ: ಊಂ... ಊಂ...
ಶೆಡ್ಡಿನ ಹುಡುಗ ಸವೂದ ನಕ್ಕು ಸ್ಪ್ಯಾನರು ಬೀಳಿಸಿದ.
"ಹತ್ತುವಾಗಲಾ, ಇಳಿಯುವಾಗಲಾ?"
ಇಳಿಯುವಾಗ. ಕಾಲು ತೆಗೆದ ಕೂಡಲೆ ಅಳುತ್ತದೆ.
"ಹಂಗಾರೆ ಬಿಚ್ಚು."

ಎಣ್ಣೆ ಇಳಿಯಿತು ತಗಡಿನ ಬೋಗುಣಿಗೆ.
ಹರಳೆಣ್ಣೆಯ ಮಂದ, ಗಂಧಕದ ನಾತ,
ಒಳಗೆ ಬೆಳ್ಳಿ ಹುಡಿಯ ಮಿಣುಕು.
ನೋಡಲು ಚಂದವೇ; ಆದರೆ ಅದು ನನ್ನ ದುಡ್ಡು.
ತಳದಲ್ಲಿ ಒಂದು ಹಲ್ಲಿನ ಚೂರು.
ತೊಡೆಗೆ ಒರೆಸಿ ನನ್ನ ಅಂಗೈಗಿಟ್ಟ,
"ಮಾಡಿನ ಮೇಲೆ ಎಸಿ, ಹೊಸದು ಬರ್ತದೆ."
ನಮ್ಮದು ಆರ್‌ಸಿಸಿ, ಮಾಡಿಲ್ಲ ಅಂದೆ.
ಕೇಳಿಸಲಿಲ್ಲ.

ಮೂವತ್ತೊಂಬತ್ತು ಹಲ್ಲಿನ ಕ್ರೌನು, ಎಂಟು ಹಲ್ಲಿನ ಪಿನಿಯನ್ನು.
ಒಮ್ಮೆ ಕಚ್ಚಿದ ಎರಡು ಹಲ್ಲು ಮತ್ತೆ ಎದುರಾಗಬೇಕಾದರೆ
ಚಕ್ರ ಎಂಟು ಸುತ್ತು ಬರಬೇಕಂತೆ.
ಅಷ್ಟರಲ್ಲಿ ಉಳಿದೆಲ್ಲದರ ಪರಿಚಯ ಆಗಿರುತ್ತದೆ.
ಅದಕ್ಕೇ ಒಂದನ್ನು ಬಿಟ್ಟು ಒಂದನ್ನು ಮಾರುವುದಿಲ್ಲ.

ಬೆಳಕಿಗೆ ಹಿಡಿದು ಹಲ್ಲಿನ ಎರಡು ಮೈ ತೋರಿಸಿದ.
ಒಂದು ಹತ್ತುವುದಕ್ಕೆ: ಕನ್ನಡಿ.
ಇನ್ನೊಂದು ಇಳಿಯುವುದಕ್ಕೆ: ಇಲಿ ಕೆರೆದ ಸಾಬೂನು.
"ಹತ್ತುವಾಗ ಎಲ್ಲರೂ ಹುಷಾರು ಮಾರಾಯ."
ಇನ್ನೇನೋ ಹೇಳುತ್ತಾನೆ ಅಂತ ಕಾದೆ.
ಬೀಡಿ ಹಚ್ಚಿದ.

ಶಿವಮೊಗ್ಗದ ಗುಜರಿಯಿಂದ ಜೋಡಿ ಬಂತು ಸಂಜೆಯ ಬಸ್ಸಿಗೆ,
ಕಂಡಕ್ಟರನ ಸೀಟಿನಡಿ, ಗೋಣಿ ಸುತ್ತಿಕೊಂಡು.
ಭದ್ರಾವತಿ ಬಯಲಿನಲ್ಲಿ ಹಾಲು ಹೊತ್ತ ಜೀಪಿನದು,
ಇಳಿಜಾರೇ ಕಂಡದ್ದಲ್ಲ, ಆ ಮೈ ಇನ್ನೂ ಎಳೇದು.
ಬೋರ್ಡು ಬರೆಯುವ ತಿಮ್ಮೇಶಿಯ ಡಬ್ಬಿಯಿಂದ
ಹಳದಿ ತಂದು ಹಲ್ಲಿಗೆ ಬಳಿದು ತಿರುಗಿಸಿದ.
ಗುರುತು ತುದಿಗೆ ಬಿತ್ತು. ಬಿಚ್ಚಿದ.
ಕಾಗದದಂಥ ಶಿಮ್ಮು ಒಂದು ಸೇರಿಸಿದ.
ಬುಡಕ್ಕೆ ಬಿತ್ತು. ಬಿಚ್ಚಿದ.
ಐದನೆಯ ಸಲ, ಕರೆಂಟು ಹೋಗಿ, ನನ್ನ ಮೊಬೈಲಿನ ಬೆಳಕಲ್ಲಿ,
ಹಲ್ಲಿನ ನಟ್ಟನಡುವೆ
ಒಂದು ಅವಲಕ್ಕಿಯಷ್ಟು ಜಾಗದಲ್ಲಿ ಹಳದಿ ಅಳಿಸಿತ್ತು.
"ಎಂಥ ಚಂದ" ಅಂದ.
ನನಗಲ್ಲ, ಅದಕ್ಕೆ.

ಆಮೇಲೆ ಸ್ಪ್ರಿಂಗಿನಡಿ ಎರಡು ಬೆಣೆ ಕೊಟ್ಟು
ಕತ್ತು ಉಳುಕಿದ ಶಾಫ್ಟನ್ನು ನೇರ ಮಾಡಿದ.
"ಎತ್ತರ ಇಳಿಸ್ತೀಯಾ?"
ಸೀಸನ್ನು ಮುಗೀಲಿ ಅಂದೆ, ಬೇಕಂತಲೇ ಮೆಲ್ಲಗೆ.

ಬೆಳಿಗ್ಗೆ ಹುಲಿಕಲ್ ಘಾಟಿ.
ಪಕ್ಕದಲ್ಲಿ ಹುಚ್ಚಪ್ಪ ಚಪ್ಪಲಿ ಬಿಟ್ಟು
ಬರಿಗಾಲು ತಗಡಿಗೆ ಒತ್ತಿ ಕೂತಿದ್ದ.
ಮೊದಲ ತಿರುವಿನಲ್ಲಿ ನಾನು ಕಾಲು ತೆಗೆದೆ.
ಗಾಳಿ. ಟಯರಿನಡಿ ಜಲ್ಲಿ. ಎಲ್ಲೋ ಒಂದು ಮಂಗಟ್ಟೆ.
"ಅಳ್ತದಾ?" ಎಂದು ಕೇಳಿದ.
ಇಲ್ಲ ಎಂದು ತಲೆಯಾಡಿಸಿದೆ.
"ನಂಗೊತ್ತು" ಅಂದ,
ಆದರೂ ಘಟ್ಟದ ಬುಡ ಬರುವ ತನಕ
ಆ ತಗಡಿನ ಮೇಲಿಂದ ಕಾಲು ತೆಗೆಯಲಿಲ್ಲ.